ಮೂರನೆಯ ಕುಲಾವಿ

ಚೀಲದೊಳಗೆ ಕೈ ಹಾಕಿದ ಸಿಯೆನಿಗೆ ಎರಡೇ ಕುಲಾವಿ ಸಿಕ್ಕವು.

ಇನ್ನೊಮ್ಮೆ ತಡಕಿದಳು. ಆಮೇಲೆ ಚೀಲವನ್ನೇ ಟ್ರ್ಯಾಕ್ಟರಿನ ಸೀಟಿನ ಮೇಲೆ ಬೋರಲು ಹಾಕಿ ಕೊಡವಿದಳು. ನೆಲದ ಮೇಲೆ ಕೊಡವುವಂತಿಲ್ಲ, ವಿಮಾನ ಓಡಾಡುವ ಜಾಗದಲ್ಲಿ ಒಂದು ಕಡ್ಡಿ ಬಿದ್ದರೂ ಅಪರಾಧ. ಚೂಯಿಂಗ್ ಗಮ್ಮಿನ ಕಾಗದ, ಮುರಿದ ಪೆನ್ನು, ಜೊತೆ ಕೆಲಸದ ಡೆಸ್ ಎಂದೋ ತಿಂದು ಉಳಿಸಿದ ಬಿಸ್ಕತ್ತಿನ ಪುಡಿ, ಕೆಂಪು ಪಟ್ಟಿ ಹೊಲಿದ ಎರಡು ಕುಲಾವಿ. ಮೂರನೆಯದು ಇರಲಿಲ್ಲ.

ತಿರುಗಿ ನೋಡಿದಳು. ಈಗತಾನೇ ಇದೇ ಟ್ರ್ಯಾಕ್ಟರು ಹಿಂದಕ್ಕೆ ನೂಕಿ ಬಿಟ್ಟ ವಿಮಾನ, ಅವಳ ದ್ವೀಪದೇಶದ ಅಪಿಯಾಕ್ಕೆ ಹೋಗುವ ವಿಮಾನ, ಎಂಜಿನ್ ಹಚ್ಚಿಕೊಂಡು ತನ್ನ ಪಾಡಿಗೆ ತಾನು ಹೊರಟಿತ್ತು. ಮಳೆಯ ನೀರು ಇನ್ನೂ ನಿಂತಿದ್ದ ಕಾಂಕ್ರೀಟಿನ ಮೇಲೆ ಅದರ ಚಕ್ರಗಳು ನೀರು ಸೀಳುತ್ತಿದ್ದವು. ಒಳಗೆ ಕ್ರಿಸ್ಮಸ್ಸಿಗೆಂದು ಮನೆಗೆ ಹೊರಟ ಜನ. ಅವಳದೇ ಜನ. ಅವಳ ಚರ್ಚಿನ ಪಾದ್ರಿಯ ಹೆಂಡತಿ ಲುಪೆ ಕೂಡ ಅದರಲ್ಲೇ ಇದ್ದಾಳೆ, ಬಿಳಿ ಹ್ಯಾಟು ಹಾಕಿಕೊಂಡು ಹತ್ತುವ ಮುಂಚೆ ಗಾಜಿನ ಆಚೆಯಿಂದ ಕೈಬೀಸಿದ್ದಳು.

ಕುಲಾವಿ ಎಂದರೆ ನಿಜವಾದ ಕುಲಾವಿಯೇನಲ್ಲ. ವಿಮಾನದ ಮೂತಿಯ ಅಕ್ಕಪಕ್ಕದಲ್ಲಿ ಕಿರುಬೆರಳಿನ ದಪ್ಪದ ಮೂರು ಕೊಳವೆಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ, ಬಲಕ್ಕೆ ಎರಡು, ಎಡಕ್ಕೆ ಒಂದು. ಎದುರುಗಾಳಿ ಅವುಗಳ ಬಾಯಿಗೆ ನುಗ್ಗಿದರೇನೇ ಪೈಲಟ್ಟಿಗೆ ತನ್ನ ವೇಗ ಎಷ್ಟೆಂದು ತಿಳಿಯುವುದು. ಬ್ರಿಸ್ಬೇನಿನಲ್ಲಿ ಆ ಬಾಯಿಗಳ ಮೇಲೆ ಕಣ್ಣಿಟ್ಟು ಕಾಯುವ ಒಂದು ಪ್ರಾಣಿಯಿದೆ, ಕುಂಬಾರ ಹುಳ. ಸೊಂಟ ನೂಲಿನಷ್ಟು, ಹಟ ಕೋಣದಷ್ಟು. ವಿಮಾನ ಬಂದು ನಿಂತು ಜನ ಇಳಿದು ಹತ್ತುವಷ್ಟರಲ್ಲಿ ಮಣ್ಣು ಹೊತ್ತು ತಂದು, ಕೊಳವೆಯೊಳಗೆ ಗೂಡು ಮೆತ್ತಿ, ಒಂದು ಕಂಬಳಿಹುಳವನ್ನು ತುರುಕಿ, ಬಾಯಿ ಮುಚ್ಚಿ ಹೋಗಿರುತ್ತದೆ. ಕೋಟಿಗಟ್ಟಲೆ ಬಾಳುವ ಯಂತ್ರಕ್ಕೆ ಒಂದು ಚಿಟಿಕೆ ಮಣ್ಣು ಸಾಕು. ಅದಕ್ಕೇ ಇಲ್ಲಿನವರ ರೂಢಿ, ವಿಮಾನ ನಿಂತ ಕೂಡಲೇ ಕೊಳವೆಗಳಿಗೆ ದಪ್ಪ ಬಟ್ಟೆಯ ಕುಲಾವಿ ಹಾಕುವುದು, ಹೊರಡುವ ಮುಂಚೆ ತೆಗೆಯುವುದು. ಮರೆತು ಕುಲಾವಿ ಕಟ್ಟಿಕೊಂಡೇ ಹಾರಿದರೆ ಅದೂ ಅಷ್ಟೇ ಅನಾಹುತ. ಹಾಗಾಗಿ ಇನ್ನೊಂದು ಕಟ್ಟುನಿಟ್ಟು: ಹಾಕಿದವರೇ ತೆಗೆಯಬೇಕು, ಇನ್ನೊಬ್ಬರು ಕೈ ಹಾಕಕೂಡದು.

ಇವತ್ತು ಆ ಕಟ್ಟುನಿಟ್ಟು ಮುರಿದಿತ್ತು.

ಹಾಕಿದವನು ಡೆಸ್. ಅರವತ್ತಕ್ಕೆ ಹತ್ತಿರದವನು, ಕೆಂಪು ಮೂಗಿನವನು, ಈ ನಿಲ್ದಾಣ ಅಂಗೈಯಷ್ಟಿದ್ದಾಗಿನಿಂದ ಇಲ್ಲೇ ದುಡಿದವನು. ಸಿಯೆನಿಗೆ ಕೆಲಸ ಕಲಿಸಿದವನೂ ಅವನೇ. ಅವನು ಏಣಿ ಎಳೆದುಕೊಂಡು ಕುಲಾವಿ ಹಾಕಿ ಬರುವಷ್ಟರಲ್ಲಿ ಪಶ್ಚಿಮದಲ್ಲಿ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಸಿಡಿಲಿನ ಸೈರನ್ ಕೂಗಿತು. ಸೈರನ್ ಕೂಗಿದ ಮೇಲೆ ಹೊರಗೆ ಒಬ್ಬರೂ ನಿಲ್ಲುವಂತಿಲ್ಲ, ಚೀಲಗಳನ್ನು ಅರ್ಧಕ್ಕೇ ಬಿಟ್ಟು ಎಲ್ಲರೂ ಊಟದ ಕೋಣೆಗೆ ಓಡಿದರು. ಮಳೆ ಆಲಿಕಲ್ಲು ಸಮೇತ ಬಡಿದು, ದಣಿದು, ಹೋಯಿತು. ಬಿಸಿಲು ಮೊದಲಿಗಿಂತ ಚುರುಕಾಗಿ ಬಿತ್ತು.

ಹೊರಗೆ ಬಂದರೆ ನಿಂತ ವಿಮಾನಗಳ ಸಾಲು, ಇಳಿಯಲು ಕಾದವು ಆಕಾಶದಲ್ಲಿ ಇನ್ನಷ್ಟು. ಊರು ಬೆಳೆದ ಹಾಗೆ ನಿಲ್ದಾಣವೂ ಬೆಳೆಯಿತು. ಜೌಗು ನೆಲಕ್ಕೆ ಕೊಲ್ಲಿಯ ಮರಳು ಸುರಿದು ಹೊಸ ರನ್‌ವೇ ಹಾಕಿದರು, ಹೊಸ ಗೇಟುಗಳಾದವು, ಕಾಫಿ ಅಂಗಡಿಗಳಾದವು. ಕೆಲಸ ಮಾಡುವ ಕೈಗಳು ಮಾತ್ರ ಹಳೆಯವೇ, ಮೊದಲಿನಷ್ಟೇ. ಮೇಲ್ವಿಚಾರಕಿ ಬ್ರಾನ್‌ವಿನ್ ರೇಡಿಯೊದಲ್ಲಿ ಡೆಸ್‌ನನ್ನು ದೂರದ ಹೊಸ ಗೇಟಿಗೆ ಅಟ್ಟಿದಳು. ಅವನು ಗೊಣಗುತ್ತ ಗಾಡಿ ಹತ್ತಿದವನು, ಹೋಗುತ್ತ ಹೋಗುತ್ತ ಚೀಲವನ್ನು ಸಿಯೆನಿಯ ಕಡೆಗೆ ಎಸೆದಿದ್ದ.

"ನನ್ ಮಕ್ಕಳನ್ನ ನೀನೇ ನೋಡ್ಕೋ ತಾಯಿ. ಕುಲಾವಿ ತೆಗೆದು ಕಳಿಸ್ಬಿಡು."

ಅವಳು ತೆಗೆದಳು. ತೆಗೆದಿದ್ದೇನೆ ಎಂದು ಕೈ ಹೇಳುತ್ತಿತ್ತು. ಬಲಗಡೆಯ ಎರಡನ್ನು ತೆಗೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಒದ್ದೆ ಪಟ್ಟಿ ಮೊಣಕೈಗೆ ಅಂಟಿಕೊಂಡಿತ್ತು. ಎಡಗಡೆಯದು? ಎಡಗಡೆ ಜನ ಹತ್ತುವ ಏರೋಬ್ರಿಜ್ ಅಡ್ಡ ನಿಂತಿರುತ್ತದೆ, ಅದರ ಕಾಲುಗಳ ಸಂದಿಯಲ್ಲಿ ಏಣಿ ತೂರಿಸಿ ಹತ್ತಬೇಕು. ಹತ್ತಿದ ನೆನಪಿದೆ. ಆದರೆ ಅದು ಇವತ್ತಿನ ನೆನಪೋ, ನಿನ್ನೆಯದೋ, ಬೆಳಗಿನ ವಿಮಾನದ್ದೋ? ಸಾವಿರ ಸಲ ಮಾಡಿದ ಕೆಲಸದ ನೆನಪಿಗೆ ದಿನದ ಗುರುತು ಇರುವುದಿಲ್ಲ. ಇಷ್ಟು ಮಾತ್ರ ನಿಜ, ಹೊರಡುವ ಮುಂಚೆ ಆ ಕಡೆ ಬಗ್ಗಿ ನೋಡಿದಾಗ ಕೆಂಪು ಪಟ್ಟಿ ಕಂಡಿರಲಿಲ್ಲ. ಆದರೆ ಮಳೆಗಾಳಿಗೆ ಪಟ್ಟಿ ಕೊಳವೆಗೆ ಸುತ್ತಿಕೊಂಡಿದ್ದರೆ ಹೇಗೆ ಕಾಣಬೇಕು?

ಅವಳು ಟ್ರ್ಯಾಕ್ಟರಿನ ಸೀಟು ಎತ್ತಿದಳು. ಪೆಡಲುಗಳ ಕೆಳಗೆ ಕೈಯಾಡಿಸಿದಳು. ಜೇಬು, ಮಳೆಕೋಟಿನ ಒಳಜೇಬು, ಏಣಿಯ ಬುಡ, ಏರೋಬ್ರಿಜ್ಜಿನ ಚಕ್ರಗಳ ಸುತ್ತ. ಕೆಂಪಗಿನದು ಏನಾದರೂ ಕಂಡರೆ ಸಾಕಿತ್ತು. ಕಂಡದ್ದು ಒಂದು ತಂಪುಪಾನೀಯದ ಮುಚ್ಚಳ. ಅದನ್ನೆತ್ತಿ ಜೇಬಿಗೆ ಹಾಕಿಕೊಂಡಳು, ಕೈ ಅಭ್ಯಾಸಬಲದಿಂದ ಮಾಡಿತು.

ವಿಮಾನ ದೊಡ್ಡ ತಿರುವು ದಾಟಿತು.

ರೇಡಿಯೊ ಅವಳ ಭುಜದ ಮೇಲೇ ಇತ್ತು. ಗುಂಡಿ ಒತ್ತಿ ಒಂದು ಮಾತು ಹೇಳಿದರೆ ವಿಮಾನ ನಿಲ್ಲುತ್ತದೆ. ಯಾರು ಬೇಕಾದರೂ ನಿಲ್ಲಿಸಬಹುದು, ಸಂಶಯ ಬಂದರೆ ಸಾಕು, ಯಾರೂ ಬೈಯುವುದಿಲ್ಲ ಎಂದು ಗೋಡೆಗೋಡೆಗೂ ಬರೆದು ಹಾಕಿದ್ದಾರೆ. ಗೋಡೆಯ ಮೇಲಿನ ಮಾತು ಗೋಡೆಯ ಮೇಲೇ ಇರುತ್ತದೆ. ಹೋದ ತಿಂಗಳು ಅವಳು ಒಂದು ವಿಮಾನ ನಿಲ್ಲಿಸಿದ್ದಳು. ಹೊಟ್ಟೆಯಡಿಯಿಂದ ಎಣ್ಣೆ ಸೋರುತ್ತಿದೆ ಎಂದು ಕಂಡು, ಕೂಗಿ, ಜನರನ್ನೆಲ್ಲ ಇಳಿಸಿ, ಬೆಂಕಿ ಆರಿಸುವ ಬಂಡಿ ಬಂದು ನೋಡಿದರೆ, ಸೋರುತ್ತಿದ್ದದ್ದು ಎಸಿಯ ನೀರು. ಬೇಸಿಗೆಯಲ್ಲಿ ಎಲ್ಲ ವಿಮಾನವೂ ಹನಿಸುವ ನೀರು. ಮಾರನೇ ದಿನ ಅವಳ ಬೀರುವಿನ ಮುಂದೆ ಯಾರೋ ಒಂದು ಬಕೆಟ್ ಇಟ್ಟಿದ್ದರು. ಅದಕ್ಕೊಂದು ರಿಬ್ಬನ್ ಬೇರೆ. ಆಮೇಲೆ ಅವಳು ಊಟಕ್ಕೆ ಬಂದಾಗಲೆಲ್ಲ, ಎಲ್ಲೋ ನೀರು ತೊಟ್ಟಿಕ್ಕುತ್ತಿದೆ, ಬಕೆಟ್ ಬಂತಾ ಎಂದು ಯಾರಾದರೊಬ್ಬರು ಕೇಳುವುದು. ಅವಳೂ ನಗುತ್ತಿದ್ದಳು. ಬ್ರಾನ್‌ವಿನ್ ಮಾತ್ರ ನಕ್ಕಿರಲಿಲ್ಲ. ಕೋಣೆಗೆ ಕರೆದು ಬಾಗಿಲು ಹಾಕಿ, ಇನ್ನೊಮ್ಮೆ ಬಾಯಿ ಬಿಡುವ ಮುಂಚೆ ಖಾತ್ರಿ ಮಾಡ್ಕೋ, ಇಲ್ಲದಿದ್ದರೆ ನೆಲಮಾಳಿಗೆಯ ಚೀಲದ ಬೆಲ್ಟಿಗೆ ಕಳಿಸಬೇಕಾಗುತ್ತದೆ ಎಂದಿದ್ದಳು. ಮೆತ್ತಗೇ ಹೇಳಿದ್ದಳು. ಮೆತ್ತಗೆ ಹೇಳಿದ್ದು ಹೆಚ್ಚು ಚುಚ್ಚಿತ್ತು.

ಈ ಎರಡು ಭಯಗಳ ನಡುವೆ ಸಿಯೆನಿ ಕಂಬದಂತೆ ನಿಂತಳು. ವಿಮಾನ ಬಿದ್ದರೆ ಎಂಬ ಭಯ ದೊಡ್ಡದು, ಆದರೆ ದೂರದ್ದು. ಬಕೆಟ್ಟಿನ ಭಯ ಸಣ್ಣದು, ಆದರೆ ಊಟದ ಮೇಜಿನ ಆಚೆಯೇ ಕೂತಿತ್ತು. ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆ ಸಣ್ಣ ಭಯವೇ ಅವಳ ಕೈಯನ್ನು ಹಿಡಿದಿತ್ತು.

ಹಳೆಯ ದಿನಗಳಾಗಿದ್ದರೆ ಇಷ್ಟು ಹೊತ್ತಿಗೆ ವಿಮಾನ ಮೇಲಕ್ಕೇರಿರುತ್ತಿತ್ತು. ಹೊಸ ರನ್‌ವೇ ದೂರ. ಅಲ್ಲಿಯವರೆಗೆ ವಿಮಾನಗಳು ತೆವಳಿಕೊಂಡು ಹೋಗಬೇಕು, ಅಲ್ಲಿಗೆ ಹೋಗುವಷ್ಟರಲ್ಲಿ ಮುದುಕರಾಗ್ತೀವಿ ಎಂದು ಎಲ್ಲರೂ ಶಪಿಸುತ್ತಿದ್ದರು. ಆ ದೂರವೇ ಈಗ ಅವಳಿಗೆ ಸಿಕ್ಕ ಹೊತ್ತು. ಬಾಲದ ಕೆಂಪು ಗುರುತು ಸಣ್ಣದಾಗುತ್ತಿತ್ತು. ಲುಪೆಯ ಬಿಳಿ ಹ್ಯಾಟು ನೆನಪಾಯಿತು. ಕಳೆದ ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಅವಳು ಸಿಯೆನಿಯ ತಟ್ಟೆಗೆ ಬೇಡಬೇಡವೆಂದರೂ ಇನ್ನೊಂದು ತುಂಡು ಟ್ಯಾರೋ ಗೆಡ್ಡೆ ಬಡಿಸಿ, ಗಾಳಿಗೆ ಹಾರಿಹೋಗ್ತೀಯ ತಿನ್ನು ಎಂದಿದ್ದಳು.

ಸಿಯೆನಿ ಗುಂಡಿ ಒತ್ತಿದಳು.

ಕುಲಾವಿ ಒಂದು ಕಡಿಮೆ ಇದೆ ಎಂದಳು. ದನಿ ಅವಳದಲ್ಲದ ಹಾಗೆ ಕೀರಲಾಗಿ ಬಂತು. ಅಪಿಯಾ ವಿಮಾನದ ಮೇಲೆ ಉಳಿದಿರಬಹುದು.

ಆ ಬದಿಯ ಗೇಟುಗಳವರೆಲ್ಲ ಕೇಳುವ ರೇಡಿಯೊ ಅದು. ಯಾರೋ ಒಬ್ಬ, ಬಕೆಟ್ ತನ್ನಿ ಎಂದು ಮೆಲ್ಲಗೆ ಅಂದದ್ದು ಕೇಳಿಸಿತು.

"ಇರಬಹುದು ಅಂದ್ರೇನು ಸಿಯೆನಿ?" ಬ್ರಾನ್‌ವಿನ್ ದನಿ. "ತೆಗೆದಿದೀಯೋ ಇಲ್ವೋ?"

"ತೆಗೆದಿದೀನಿ ಅನ್ಸುತ್ತೆ."

"ಅನ್ಸುತ್ತೆ ಅಂತ ಟವರಿಗೆ ಹೇಳಕ್ಕಾಗಲ್ಲ ನಾನು." ಅಷ್ಟು ಹೇಳಿ ಬ್ರಾನ್‌ವಿನ್ ಡೆಸ್‌ನನ್ನು ಕರೆದಳು. "ಡೆಸ್, ನೀನೇ ತಾನೆ ಹಾಕಿದ್ದು. ಎಷ್ಟು ಹಾಕಿದ್ದೆ?"

ಎರಡು ಅನ್ನು, ಎಂದು ಸಿಯೆನಿ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ನನ್ನ ಜೇಬಲ್ಲೇ ಉಳಿದಿದೆ ಅನ್ನು. ಅವಳು ಅಷ್ಟು ತೀವ್ರವಾಗಿ ಏನನ್ನೂ, ಚರ್ಚಿನಲ್ಲಿ ಮಂಡಿಯೂರಿಯೂ, ಬೇಡಿಕೊಂಡದ್ದಿಲ್ಲ.

"ಮೂರು," ಎಂದ ಡೆಸ್. "ಇನ್ನೆಷ್ಟು ಹಾಕ್ತಾರೆ? ಯಾವತ್ತಿನ ಹಾಗೇ, ಮೂರು."

ಅಲ್ಲಿಗೆ ಮುಗಿಯಿತು. ಮೂರು ಹಾಕಿ ಎರಡು ತೆಗೆದರೆ ಒಂದು ಎಲ್ಲಿರುತ್ತದೆ ಎಂದು ಹೇಳಲು ಯಾರೂ ಬೇಕಾಗಿರಲಿಲ್ಲ. ಬ್ರಾನ್‌ವಿನ್ ಇನ್ನೊಂದು ಮಾತಾಡಲಿಲ್ಲ. ಅವಳು ವಿಮಾನಗಳಿಗೆ ಅಪ್ಪಣೆ ಕೊಡುವ ಟವರಿಗೆ ಫೋನು ಮಾಡುತ್ತಿದ್ದಾಳೆ ಎಂಬುದು ಆ ಮೌನದಿಂದಲೇ ತಿಳಿಯಿತು. ಸಿಯೆನಿ ಟ್ರ್ಯಾಕ್ಟರಿನ ಮಡ್ಗಾರ್ಡ್ ಹಿಡಿದುಕೊಂಡು ದೂರದ ಆ ಬಾಲವನ್ನೇ ನೋಡಿದಳು. ಅದು ರನ್‌ವೇಯ ಬಾಯಿಗೆ ಬಂದಿತ್ತು. ಅದರ ಮುಂದಿದ್ದ ವಿಮಾನ ಓಡಿ ಎದ್ದುಹೋಯಿತು. ಅಪಿಯಾ ವಿಮಾನ ತಿರುಗಲು ಶುರುಮಾಡಿತು. ನಿಲ್ಲು, ನಿಲ್ಲು, ನಿಲ್ಲು ಎಂದು ಹಲ್ಲುಕಚ್ಚಿ ಅನ್ನುತ್ತಿದ್ದಳು, ಅಂದದ್ದು ಅವಳಿಗೇ ಕೇಳಿಸುತ್ತಿರಲಿಲ್ಲ.

ಅದು ಅರ್ಧ ತಿರುಗಿದ ಮೂತಿಯನ್ನು ಹಾಗೇ ಹಿಡಿದು ನಿಂತಿತು.

ಎಂಜಿನಿಯರ್ ಹೊವಾಂಗ್ ಹಳದಿ ದೀಪದ ಗಾಡಿಯಲ್ಲಿ ಬಂದು, ಹಿಂದೆ ಏಣಿ ಕಟ್ಟಿಕೊಂಡು, ಅವಳನ್ನು ಹತ್ತಿಸಿಕೊಂಡ. ಅವನು ಇನಾಲಾ ಬಡಾವಣೆಯ ವಿಯೆಟ್ನಾಮಿ ಬೇಕರಿಯವರ ಮಗ, ಮಾತು ಕಡಿಮೆ. ದಾರಿಯುದ್ದಕ್ಕೂ ಅವನು ಟವರಿನವರ ಜೊತೆ ಮಾತ್ರ ಮಾತಾಡಿದ. ಸಿಯೆನಿ ಎರಡು ಕುಲಾವಿಗಳನ್ನೂ ಮಡಿಲಲ್ಲಿಟ್ಟುಕೊಂಡು ಹಿಂಡುತ್ತಿದ್ದಳು. ಅಪಿಯಾ ವಿಮಾನದ ಹಿಂದೆ ಇನ್ನೂ ನಾಲ್ಕೈದು ವಿಮಾನ ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿ ನಿಂತಿದ್ದವು. ಎಲ್ಲದರೊಳಗೂ ಜನ ಗಡಿಯಾರ ನೋಡಿಕೊಳ್ಳುತ್ತಿರುತ್ತಾರೆ. ಎಲ್ಲರ ಶಾಪವೂ ನನ್ನ ತಲೆಗೇ ಎಂದುಕೊಂಡಳು. ಆದರೂ ಮನಸ್ಸು ಸ್ವಲ್ಪ ಹಗುರವಾಗಿತ್ತು. ಈಗ ಹೋಗುತ್ತೇವೆ, ಅದು ಅಲ್ಲಿರುತ್ತದೆ, ಕಿತ್ತು ತರುತ್ತೇವೆ. ತಪ್ಪು ನನ್ನದಾದರೂ ಜನ ಬದುಕಿದರಲ್ಲ.

ಎಂಜಿನ್ ಆರಿಸಿದ ವಿಮಾನದ ಕೆಳಗೆ ಸದ್ದಿಲ್ಲದ ಬಿಸಿ ಕವಿದಿತ್ತು. ಹೊವಾಂಗ್ ಎಡಗಡೆಗೆ ಏಣಿ ಹಾಕಿದ. ಸಿಯೆನಿ ಏಣಿ ಹಿಡಿದು, ಕಣ್ಣು ಎತ್ತಲಾರದೆ, ಅವನ ಬೂಟುಗಳನ್ನು ನೋಡುತ್ತ ನಿಂತಳು. ಸುಟ್ಟ ಬಟ್ಟೆಯ ವಾಸನೆ ಬರುತ್ತದೇನೋ ಎಂದು ಮೂಗರಳಿಸಿದಳು, ಯಾಕೆಂದರೆ ಈ ಕೊಳವೆಗಳು ಓಡುವಾಗ ಬೆರಳು ಸುಡುವಷ್ಟು ಕಾಯುತ್ತವೆ. ವಾಸನೆ ಬರಲಿಲ್ಲ.

"ಇಲ್ಲಿ ಏನೂ ಇಲ್ಲ," ಎಂದ ಹೊವಾಂಗ್.

ಅವಳು ತಲೆಯೆತ್ತಿದಳು. ಕೊಳವೆ ಬೋಳಾಗಿ ಹೊಳೆಯುತ್ತಿತ್ತು. ಬಟ್ಟೆಯಿಲ್ಲ, ಪಟ್ಟಿಯಿಲ್ಲ, ಕರಕಲೂ ಇಲ್ಲ. ಬಲಗಡೆಗೂ ಓಡಿ ನೋಡಿದಳು. ಅಲ್ಲೂ ಎರಡು ಬೋಳು ಕೊಳವೆಗಳು.

ಹೊವಾಂಗ್ ಏಣಿಯ ಮೇಲಿಂದಲೇ ರೇಡಿಯೊದಲ್ಲಿ ಹಾಗೆಂದು ಹೇಳಿದ. ಬ್ರಾನ್‌ವಿನ್ ಉತ್ತರ ಕೊಡುವ ಮುಂಚೆ ಯಾರೋ ನಕ್ಕರು. ಆಮೇಲೆ ಬ್ರಾನ್‌ವಿನ್, ಸರಿ, ಇಬ್ಬರೂ ಬನ್ನಿ, ಸಿಯೆನಿ ನೇರ ನನ್ನ ಕೋಣೆಗೆ ಬರಲಿ ಎಂದಳು. ಮೆತ್ತಗೇ ಹೇಳಿದಳು.

ಸಿಯೆನಿಗೆ ಇದು ಬೇರೆ ತರಹದ ಭಯ, ನೆಲವೇ ಕಾಲಡಿಯಿಂದ ಜಾರಿದ ಹಾಗೆ. ಹಾಗಾದರೆ ಮೂರನೆಯದು ಎಲ್ಲಿ ಹೋಯಿತು? ದಾರಿಯಲ್ಲಿ ಬಿದ್ದು ಇನ್ನೊಂದು ವಿಮಾನದ ಎಂಜಿನ್ನಿಗೆ ಹೋಗುತ್ತಾ? ಅಥವಾ ತಾನೇ ತೆಗೆದು ಎಲ್ಲೋ ಇಟ್ಟು ಮರೆತೆನಾ? ತನ್ನ ಕೈಯನ್ನೂ ತನ್ನ ತಲೆಯನ್ನೂ ನಂಬದಿದ್ದ ಮೇಲೆ ಈ ಕೆಲಸ ಹೇಗೆ ಮಾಡುವುದು? ಮೇಲೆ ಕಿಟಕಿಗಳಲ್ಲಿ ಮುಖಗಳು ಸಾಲಾಗಿ ಕೆಳಗೆ ನೋಡುತ್ತಿದ್ದವು. ಒಂದರಲ್ಲಿ ಬಿಳಿ ಹ್ಯಾಟು. ಲುಪೆ ಅವಳನ್ನು ಗುರುತು ಹಿಡಿದು, ಏನಾಯಿತು ಎಂಬಂತೆ ಅಂಗೈ ತಿರುಗಿಸಿದಳು. ಸಿಯೆನಿ ತಲೆ ತಗ್ಗಿಸಿದಳು.

"ಏಣಿ ಗಟ್ಟಿ ಹಿಡ್ಕೋ," ಎಂದ ಹೊವಾಂಗ್. "ಹತ್ತಿದ್ದಂತೂ ಹತ್ತಿದೀನಿ."

ಅವನು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಹಲ್ಲಿನಲ್ಲಿ ಕಚ್ಚಿ, ಕೊಳವೆಯ ಬಾಯಿಗೆ ಮುಖ ತಂದ. ಹಾಗೇ ಇದ್ದ. ಬಹಳ ಹೊತ್ತು ಇದ್ದ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಕೈಗವಸು ಹಾಕಿಕೊಂಡು ಒಂದು ತೆಳ್ಳನೆಯ ತಂತಿಯ ತುದಿಯಿಂದ ಒಳಗೆ ಮೆಲ್ಲಗೆ ತಟ್ಟಿದ. ಟಕ್ ಟಕ್ ಎಂದಿತು. ಖಾಲಿ ಕೊಳವೆ ಹಾಗೆ ಸದ್ದು ಮಾಡುವುದಿಲ್ಲ.

ಅವನು ಇಳಿದು ಬಂದ. ಕೈಗವಸಿನ ತುದಿಯಲ್ಲಿ ಸುಟ್ಟ ಇಟ್ಟಿಗೆಯ ಬಣ್ಣದ ಒಂದು ಚೂರು ಮಣ್ಣಿತ್ತು.

"ತುಂಬಿದೆ," ಎಂದ. "ಗೂಡು ಕಟ್ಟಿ, ಬಾಯಿ ಮುಚ್ಚಿ, ಬಿಸಿಗೆ ಬೆಂದುಹೋಗಿದೆ. ತಂತಿಗೂ ಬಗ್ತಾ ಇಲ್ಲ."

ಎಡಗಡೆಯದು ಮುಖ್ಯ ಪೈಲಟ್ಟನ ಕೊಳವೆ. ಓಡುವಾಗ ವೇಗ ತೋರಿಸುವ ಅವನ ಮುಂದಿನ ಮುಳ್ಳು ಸತ್ತು ಬಿದ್ದಿರುತ್ತಿತ್ತು, ಪಕ್ಕದವನದು ಓಡುತ್ತಿರುತ್ತಿತ್ತು. ಒದ್ದೆ ರನ್‌ವೇ, ತುಂಬಿದ ವಿಮಾನ, ಯಾವ ಮುಳ್ಳನ್ನು ನಂಬುವುದೆಂದು ಕ್ಷಣದಲ್ಲಿ ತೀರ್ಮಾನಿಸಬೇಕು. ನಿಲ್ಲಿಸಲು ಹೋಗಿ ರನ್‌ವೇಯ ತುದಿಯಲ್ಲಿರುವ ಕೊಲ್ಲಿಯ ನೀರಿಗೆ ನುಗ್ಗಬಹುದಿತ್ತು, ಎದ್ದರೆ ಮೋಡದೊಳಗೆ ಕುರುಡಾಗಿ ತೂಗಾಡಬಹುದಿತ್ತು. ಏನೂ ಆಗದೆಯೂ ಇರಬಹುದಿತ್ತು. ಹೊವಾಂಗ್ ಇದನ್ನೆಲ್ಲ ಹೇಳಲಿಲ್ಲ. ಗಾಡಿಯ ಬಾನೆಟ್ಟಿಗೆ ಒರಗಿ, ನೀರು ಬೇಕು ಎಂದ. ಸಿಯೆನಿ ಬಾಟಲಿ ಕೊಟ್ಟಳು.

ವಿಮಾನವನ್ನು ಗೇಟಿಗೆ ಎಳೆದು ತಂದರು. ರೇಡಿಯೊದಲ್ಲಿ ಈಗ ಯಾರೂ ನಗಲಿಲ್ಲ. ಬ್ರಾನ್‌ವಿನ್ ಕೆಳಗೇ ಬಂದು ನಿಂತಿದ್ದಳು. ಅವಳು ಸಿಯೆನಿಯನ್ನು ಅಪ್ಪಿಕೊಂಡಳು, ಅಂಥವಳೇ ಅಲ್ಲ ಅವಳು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಸಿಯೆನಿ, ಗೊತ್ತಿರಲಿಲ್ಲ ಎಂದಳು. ಅದನ್ನು ಬ್ರಾನ್‌ವಿನ್ ವಿನಯವೆಂದುಕೊಂಡಳು. ಸುತ್ತ ಇದ್ದವರು ಬೆನ್ನು ತಟ್ಟಿದರು. ಬಕೆಟ್ ಇಟ್ಟವನು ತಾನೇ ಎಂದು ಒಬ್ಬ ಒಪ್ಪಿಕೊಂಡು, ಇವತ್ತು ಬಿಯರು ನನ್ನ ಲೆಕ್ಕ ಎಂದ. ಸಿಯೆನಿಗೆ ಇದೆಲ್ಲ ಗಾಜಿನ ಆಚೆ ನಡೆಯುವಂತಿತ್ತು. ಅವಳಿಗೆ ಒಂದೇ ಚಿಂತೆ, ಮೂರು ಹಾಕಿದ್ದರೆ ಎಡಗಡೆಯ ಕೊಳವೆಗೆ ಹುಳ ಹೇಗೆ ಹೊಕ್ಕಿತು?

ಡೆಸ್ ಊಟದ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಬಲಗಾಲನ್ನು ನೆಟ್ಟಗೆ ಚಾಚಿಕೊಂಡಿದ್ದ. ತೊಡೆಯ ಮೇಲೆ, ಕೆಂಪು ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿ, ಮೂರನೆಯ ಕುಲಾವಿ ಇಟ್ಟುಕೊಂಡಿದ್ದ.

ಅವಳು ನಿಂತೇ ಇದ್ದಳು. ಅವನು ಮುಖ ಎತ್ತಲಿಲ್ಲ.

"ಎಡಗಡೇದು ಹಾಕಿರ್ಲಿಲ್ಲ," ಎಂದ. "ಮಂಡಿ ಮಡಚಕ್ಕಾಗ್ತಿರ್ಲಿಲ್ಲ ಕಣೇ. ಬ್ರಿಜ್ಜಿನ ಕಾಲಿನ ಸಂದೀಲಿ ಏಣಿ ತೂರಿಸಿ ಹತ್ತೋದು ಅಂದ್ರೆ ಪ್ರಾಣ ಹೋಗುತ್ತೆ. ಮೋಡ ಬೇರೆ ಕವಿದಿತ್ತು. ಮಳೇಲಿ ಯಾವ ಹುಳ ಬರುತ್ತೆ ಅಂದ್ಕೊಂಡು ಜೇಬಿಗೆ ಹಾಕ್ಕೊಂಡೆ."

ಹುಳ ಮಳೆ ಬರುವ ಮುಂಚೆಯೇ ಬಂದಿತ್ತೋ, ನಿಂತ ಮೇಲೆ ಒದ್ದೆ ಮಣ್ಣು ಹೇರಳವಾಗಿ ಸಿಕ್ಕಾಗ ಬಂದಿತ್ತೋ, ಅದನ್ನು ಹುಳವೇ ಹೇಳಬೇಕು. ಸಿಯೆನಿಗೆ ಅರ್ಥವಾದದ್ದು ಬೇರೆ. ಅವಳು ಹೊರಡುವ ಮುಂಚೆ ಬಗ್ಗಿ ನೋಡಿದಾಗ ಎಡಗಡೆ ಪಟ್ಟಿ ಕಾಣದೇ ಇದ್ದದ್ದು, ಯಾರೋ ತೆಗೆದಿದ್ದರಿಂದಲ್ಲ. ಹಾಕದೇ ಇದ್ದದ್ದೂ ತೆಗೆದದ್ದರ ಹಾಗೇ ಕಾಣುತ್ತದೆ.

"ರೇಡಿಯೋದಲ್ಲಿ ಯಾಕೆ ಮೂರು ಅಂದೆ?"

"ಎಲ್ಲರೂ ಕೇಳ್ತಿದ್ರಲ್ಲ." ಅವನು ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದ. "ಈ ವಯಸ್ಸಲ್ಲಿ, ಹತ್ತಲಾರದೆ ಬಿಟ್ಟೆ ಅಂತ ಎಲ್ಲರ ಮುಂದೆ ಹೇಳ್ಲಾ? ನಾಳೆನೇ ಮನೆಗೆ ಕಳಿಸ್ತಾರೆ. ಬಾಯಿಗೆ ತಾನಾಗೇ ಬಂತು. ಮೂರು."

ಸಿಯೆನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹೊತ್ತೂ ಅವಳು ತನ್ನ ತಲೆಯನ್ನೇ ಅನುಮಾನಿಸಿದ್ದಳು. ತಾನೇ ಕೊಲೆಗಾತಿ ಎಂದುಕೊಂಡು ಆ ಗಾಡಿಯಲ್ಲಿ ಕೂತಿದ್ದಳು. ಇವನ ಒಂದು ಸುಳ್ಳಿನಿಂದ. ಅದನ್ನೆಲ್ಲ ಅವನ ಮುಖಕ್ಕೆ ರಾಚುವ ಹಾಗೆ ಹೇಳಿದಳು. ಕೆಲಸ ಕಲಿಸಿದವನು ನೀನು, ಹಾಕಿದವರೇ ತೆಗೆಯಬೇಕು ಅಂತ ದಿನಾ ತಲೆ ತಿಂದವನು ನೀನು ಎಂದಳು. ಡೆಸ್ ಎಲ್ಲಕ್ಕೂ ತಲೆಯಾಡಿಸಿದ.

"ಈಗ ಹೋಗಿ ಬ್ರಾನ್‌ವಿನ್‌ಗೆ ಹೇಳ್ತೀನಿ," ಎಂದ. "ಅದಕ್ಕೇ ಕೂತಿದ್ದೆ, ಧೈರ್ಯ ಬರ್ಲಿ ಅಂತ. ಒಂದು ಕೇಳ್ಲಾ ಸಿಯೆನಿ?"

ಅವಳು ಅವನ ಕಡೆ ತಿರುಗಿದಳು.

"ನಾನು ನಿಜ ಹೇಳಿದ್ರೆ, ಎರಡೇ ಹಾಕಿದ್ದು, ಇನ್ನೊಂದು ನನ್ ಜೇಬಲ್ಲಿದೆ ಅಂದಿದ್ರೆ, ನೀನು ಆ ವಿಮಾನ ನಿಲ್ಲಿಸ್ತಿದ್ಯಾ?"

ಹೂಂ ಎನ್ನಲು ಅವಳು ಬಾಯಿ ತೆರೆದಳು. ಹೂಂ ಎನ್ನುವುದು ಬಹಳ ಸುಲಭ, ಬೆನ್ನು ತಟ್ಟಿದ ಕೈಗಳ ಬಿಸಿ ಇನ್ನೂ ಆರಿರಲಿಲ್ಲ. ಆದರೆ ಆಗ ರೇಡಿಯೊದ ಮುಂದೆ ತಾನು ಬೇಡಿಕೊಂಡದ್ದು ನೆನಪಿಗೆ ಬಂತು. ಎರಡು ಅನ್ನು, ಎರಡು ಅನ್ನು ಎಂದು. ಅವನು ಹಾಗೆಂದಿದ್ದರೆ ಅವಳು ದೇವರಿಗೆ ಕೈಮುಗಿದು, ಎರಡನ್ನೂ ಚೀಲಕ್ಕೆ ಹಾಕಿ, ಟ್ರ್ಯಾಕ್ಟರು ತಿರುಗಿಸಿಕೊಂಡು ಹೋಗುತ್ತಿದ್ದಳು. ಬರಿಯ ಕೊಳವೆಗೆ ಹುಳ ಹೊಕ್ಕಿರಬಹುದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ, ಮಳೆ ತಾನೆ, ಅಷ್ಟರಲ್ಲಿ ಏನಾಗುತ್ತದೆ ಎಂದು ಅಂದುಕೊಳ್ಳುತ್ತಿದ್ದಳು. ಅವನು ಅಂದುಕೊಂಡ ಹಾಗೆಯೇ. ಬಕೆಟ್ಟಿನ ಮುಂದೆ ಅವಳಿಗೆ ಅಷ್ಟೇ ಧೈರ್ಯವಿತ್ತು. ಆಗ ವಿಮಾನ ಓಡಿರುತ್ತಿತ್ತು. ಲುಪೆ ಬಿಳಿ ಹ್ಯಾಟನ್ನು ಮಡಿಲಿಗೆ ಇಳಿಸಿ ಪ್ರಾರ್ಥನೆ ಹೇಳಿಕೊಳ್ಳುತ್ತಿರುತ್ತಿದ್ದಳು.

ಆ ಮಧ್ಯಾಹ್ನ ಸಿಯೆನಿ ಪಟ್ಟ ಭಯಗಳಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು, ಯಾಕೆಂದರೆ ಇದು ಮುಗಿಯುವಂಥದ್ದಲ್ಲ. ಅವಳು ಮೆಟ್ಟಿಲ ಮೇಲೆ ಡೆಸ್‌ನ ಪಕ್ಕದಲ್ಲಿ ಕೂತಳು. ಅಂಗಳದಾಚೆ ಇನ್ನೊಂದು ವಿಮಾನ ಇಳಿದು, ಅವರ ಗೇಟಿನ ಕಡೆಗೇ ಮೂತಿ ತಿರುಗಿಸಿಕೊಂಡು ಬರುತ್ತಿತ್ತು.

"ಇಲ್ಲ," ಎಂದಳು. "ಹೋಗ್ಲಿ ಅಂತ ಬಿಡ್ತಿದ್ದೆ."

ಡೆಸ್ ಕುಲಾವಿಯನ್ನು ಅವಳ ಕೈಗೆ ಕೊಟ್ಟ. ಅವಳು ಎದ್ದು, ಏಣಿ ಎಳೆದುಕೊಂಡು, ಬಂದು ನಿಂತ ವಿಮಾನದ ಎಡಗಡೆಗೆ ಹೋದಳು.